ಗಾಜಿನ ಖೋಲಿಯ ಸೊನ್ನೆಗಳು

ಅವಳ ಫಾರ್ಮಿನಲ್ಲಿ ಮೂವತ್ತು ಪ್ರಶ್ನೆಗಳಿದ್ದವು. ಮೂವತ್ತಕ್ಕೂ ನಾನು ಸೊನ್ನೆ ಹಾಕಿದ್ದೆ. ಮರುದಿನ ಮಧ್ಯಾಹ್ನ ಅವಳ ಕೂಸು ಓಡುವ ಬಸ್ಸಿನಲ್ಲಿ ನನ್ನ ಕಣ್ಣೆದುರಿಗೇ ಉಸಿರು ನಿಲ್ಲಿಸಿತು. ಈಗಲೂ ಯಾವುದಾದರೂ ಅರ್ಜಿ ತುಂಬುವಾಗ ಸೊನ್ನೆ ಬರೆಯಬೇಕಾಗಿ ಬಂದರೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ತಡೆಯಲಿ ಎಂದು ಬಿಟ್ಟಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನಾಗ ಸವಣೂರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಆ ಆಸ್ಪತ್ರೆಗೆ ಹೋಗಿಬರುತ್ತಿದ್ದೆ. ಆಸ್ಪತ್ರೆಯ ಹೆಸರನ್ನೂ ಊರನ್ನೂ ಹೇಳುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಜನ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದ ಒಂದು ಖಾಸಗಿ ಹೆರಿಗೆ ಆಸ್ಪತ್ರೆ ಎಂದರೆ ಸಾಕು. ಅಂಥ ಕೂಸುಗಳಿಗಾಗಿ ಅಲ್ಲಿ ಒಂದು ಖೋಲಿ ಇತ್ತು. ಒಂದು ಗೋಡೆಗೆ ಪೂರ್ತಿ ಗಾಜು ಹಾಕಿದ್ದರಿಂದ ಎಲ್ಲರೂ ಅದನ್ನು ಗಾಜಿನ ಖೋಲಿ ಎನ್ನುತ್ತಿದ್ದರು. ಒಳಗೆ ಊರಿನ ಬಡಿಗನೇ ಮಾಡಿಕೊಟ್ಟ ಐದು ಕಟ್ಟಿಗೆಯ ಪೆಟ್ಟಿಗೆಗಳು. ಪ್ರತಿಯೊಂದರಲ್ಲಿ ಎರಡು ಬಲ್ಬು, ತೇವ ಆರದಿರಲೆಂದು ಒಂದು ಬಟ್ಟಲು ನೀರು, ಒಂದು ಥರ್ಮಾಮೀಟರು. ಕೂಸಿನ ಮೂಗಿನಲ್ಲಿ ಸಣ್ಣ ನಳಿಕೆ. ತಾಯಿ ಹೊರಗೆ ಕೂತು ಬಟ್ಟಲಿಗೆ ಹಾಲು ಹಿಂಡಿ ಕೊಡಬೇಕು, ನರ್ಸು ಅದನ್ನು ನಳಿಕೆಯಲ್ಲಿ ಇಳಿಸಬೇಕು. ಸೋಂಕು ತಗಲುತ್ತದೆಂದು ತಂದೆತಾಯಿ ಯಾರಿಗೂ ಒಳಗೆ ಪ್ರವೇಶವಿಲ್ಲ. ಗಾಜಿನ ಹೊರಗೆ ನಿಂತು ನೋಡಬಹುದು.

ನನ್ನ ಕೆಲಸ ಹಾಗೆ ಹೊರಗೆ ನಿಂತವರ ಒತ್ತಡವನ್ನು ಅಳೆಯುವುದು. ಅಧ್ಯಯನದ ಮುಖ್ಯಸ್ಥರಾಗಿದ್ದ ಪ್ರೊಫೆಸರರು ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಸಿ ಅಚ್ಚು ಹಾಕಿಸಿದ್ದರು. ಮಗುವಿನ ರೂಪ, ಉಸಿರಾಟ, ನಳಿಕೆ, ಖೋಲಿಯ ಸದ್ದು, ಬೆಳಕು, ತಾಯಿಯಾಗಿ ಏನೂ ಮಾಡಲಾಗದ ಅಸಹಾಯಕತೆ, ಹೀಗೆ ಒಂದೊಂದರ ಬಗ್ಗೆ ಪ್ರಶ್ನೆ. ಒತ್ತಡವೇ ಇಲ್ಲವೆಂದರೆ ಸೊನ್ನೆ, ವಿಪರೀತವೆಂದರೆ ನಾಲ್ಕು. ಪ್ರೊಫೆಸರರ ಸೂಚನೆಗಳು ಖಚಿತವಾಗಿದ್ದವು. ಮಗು ಹುಟ್ಟಿದ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಕೇಳಬೇಕು. ಮಗು ಕಾಣುವ ಹಾಗೆ ಗಾಜಿನ ಮುಂದೆಯೇ ನಿಲ್ಲಿಸಿ ಕೇಳಬೇಕು. ಉತ್ತರವನ್ನು ಅವರ ಕಣ್ಣೆದುರಿಗೇ ಬರೆದುಕೊಳ್ಳಬೇಕು.

ಮೊದಲ ದಿನ ಗಾಜಿನ ಖೋಲಿಯ ಹಿರಿಯ ಸಿಸ್ಟರು ನನ್ನ ಫಾರ್ಮಿನ ಕಟ್ಟನ್ನು ತೂಕ ಮಾಡುವವರ ಹಾಗೆ ಕೈಯಲ್ಲಿ ಹಿಡಿದು ಕೇಳಿದರು.

"ಇದು ಏನ ಅಳೀತೈತ್ರಿ?"

"ತಂದೆ-ತಾಯಿ ಒತ್ತಡ, ಸಿಸ್ಟರ್. ಅಂದ್ರ ಮನಸಿನ ತ್ರಾಸ."

"ಅದಕ್ಕ ಇಷ್ಟ ಹಾಳಿ ಬೇಕೇನು? ಗಾಜಿನ ಮುಂದ ನಿಂತವರ ಮಾರಿ ನೋಡಿದ್ರ ಮುಗೀತು."

"ಮಾರಿ ನೋಡಿದ್ದನ್ನ ಅಂಕಿ ಒಳಗ ಬರೀಲಿಕ್ಕೆ ಬರೂದಿಲ್ಲರೀ."

"ಹಂಗಾರ ಬರಕೋರಿ." ಆಮೇಲೆ ಪಡಸಾಲೆಯ ಕಡೆಗೆ ತಿರುಗಿ ಕೂಗಿದರು. "ಏ, ಎಲ್ಲಾರೂ ಕೇಳ್ರಿ. ಪ್ರಶ್ನಿ ಬಾಯಾರು ಬಂದಾರ. ಖರೇ ಹೇಳ್ರಿ."

ಅಂದಿನಿಂದ ನಾನು ಅಲ್ಲಿ ಪ್ರಶ್ನಿ ಬಾಯಿ, ಪ್ರಶ್ನೆ ಕೇಳುವ ಹೆಂಗಸು.

ಯಾರೂ ಖರೇ ಹೇಳಲಿಲ್ಲ. ಬಂದವರೆಲ್ಲ ಸೊನ್ನೆ ಕೊಟ್ಟರು. ಅಚ್ಚಿನ ಭಾಷೆ ತೊಡಕಾಗಿರಬೇಕೆಂದು ನಾನೇ ಆಡುಮಾತಿಗೆ ತಿರುಗಿಸಿ ಕೇಳಿದೆ. "ಮೂಗಿನಾಗ ನಳಿಕೆ ಹಾಕಿದ್ದು ನೋಡಿ ಎಷ್ಟ ತ್ರಾಸ ಆತು?" ಹಾನಗಲ್ಲ ಕಡೆಯ ಒಬ್ಬ ತಾಯಿ ನಕ್ಕಳು. "ತ್ರಾಸ ಯಾಕ್ರಿ? ಹಾಲು ಹೊಕ್ಕತೈತಲ್ಲ." ಬಲ್ಬಿನ ಬೆಳಕಿನ ಬಗ್ಗೆ ಕೇಳಿದರೆ, "ಚಲೋ ಬೆಳಕೈತ್ರಿ, ನಮ್ಮ ಮನ್ಯಾಗ ಇಷ್ಟಿಲ್ಲ." ಗಂಡಸರು ಇನ್ನೂ ಚುಟುಕು. ಶಿಗ್ಗಾಂವಿಯ ಒಬ್ಬ ತಂದೆ ನಾನು ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಹೆಗಲ ಮೇಲಿನ ಟವೆಲ್ಲು ಝಾಡಿಸಿ ಎದ್ದ. "ನಂದೇನೈತ್ರಿ ಇದರಾಗ, ಅಕಿನ್ನ ಕೇಳ್ರಿ."

ಹದಿನೇಳನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಮಗು ಬದುಕಲಾರದೆಂಬ ಭಯ ನಿಮ್ಮಲ್ಲಿ ಎಷ್ಟು ಒತ್ತಡ ಉಂಟುಮಾಡಿದೆ? ಅದನ್ನು ಓದಿದಾಗಲೆಲ್ಲ ತಾಯಂದಿರು ಏನಾದರೊಂದು ಮಾಡುತ್ತಿದ್ದರು. ಒಬ್ಬಳು ದೃಷ್ಟಿ ತೆಗೆಯುವ ಹಾಗೆ ಲಟಿಕೆ ಮುರಿಯುತ್ತಿದ್ದಳು. ಇನ್ನೊಬ್ಬಳು ಬಾಗಿ ನೆಲ ಮುಟ್ಟಿ ಗಲ್ಲಕ್ಕೆ ಹಚ್ಚಿಕೊಳ್ಳುತ್ತಿದ್ದಳು. ಷರಾ ಬರೆಯುವ ಜಾಗದಲ್ಲಿ ನಾನು 'ಗಮನ ಬೇರೆ ಕಡೆ' ಎಂದು ಬರೆದೆ. ಒಂದಲ್ಲ, ಹತ್ತಾರು ಫಾರ್ಮಿನಲ್ಲಿ ಬರೆದೆ. ಓದಿದವಳು ನಾನು, ನೋಡುವುದನ್ನೇ ಕಲಿತವಳು. ಕಂಡದ್ದನ್ನು ಕಾಣದ ಹಾಗೆ ಬರೆದಿಟ್ಟೆ.

ಪ್ರೊಫೆಸರರಿಗೆ ಫಲಿತಾಂಶ ಹಿಡಿಸಿತು. ಹಳ್ಳಿಯ ತಾಯಂದಿರಲ್ಲಿ ಇಂಥ ಒತ್ತಡವೇ ಇಲ್ಲವೆಂದರೆ ಅದು ದೊಡ್ಡ ಸಂಗತಿ, ಮುಂದುವರಿಸಿ ಎಂದು ಪತ್ರ ಬರೆದರು. ಗಾಜಿನ ಖೋಲಿಯನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರರಿಗೆ ಇನ್ನೂ ಹಿಡಿಸಿತು. ತಾಯಂದಿರನ್ನು ಕೈ ತೊಳೆಸಿ ಒಳಗೆ ಬಿಡಿ ಎಂದು ಸಿಸ್ಟರು ವರ್ಷದಿಂದ ಜಗಳ ಹಿಡಿದಿದ್ದರು. ಈ ಅಧ್ಯಯನ ಏನು ಹೇಳುತ್ತದೋ ನೋಡಿ ನಿರ್ಧರಿಸೋಣ ಎಂದು ಆಸ್ಪತ್ರೆಯ ಹಿರಿಯರು ಹೇಳಿದ್ದರು.

"ನೋಡ್ರಿ ಸಿಸ್ಟರ್," ಎಂದರು ಡಾಕ್ಟರರು ನನ್ನ ಪಟ್ಟಿಯ ಮೇಲೆ ಬೆರಳಾಡಿಸುತ್ತ. "ಹೊರಗ ನಿಂತರೂ ಅವರಿಗೇನೂ ತ್ರಾಸಿಲ್ಲ. ಇನ್ನ ಬಾಗಲಾ ಯಾಕ ತೆಗೀಬೇಕು?"

ಸಿಸ್ಟರು ನನ್ನ ಕಡೆ ನೋಡಿದರು. ಹಾಲಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ಅವಳು ಬಂದದ್ದು ಅದೇ ವಾರ. ರಟ್ಟೀಹಳ್ಳಿ ಕಡೆಯ ಒಂದು ಹಳ್ಳಿಯವಳು, ಚೊಚ್ಚಲು. ಏಳು ತಿಂಗಳಿಗೇ ಹೆರಿಗೆಯಾಗಿತ್ತು, ಕೂಸು ಒಂದೂ ಕಾಲು ಕಿಲೋ. ಗಂಡ ಊರಿಗೂ ಆಸ್ಪತ್ರೆಗೂ ತಿರುಗುತ್ತಿದ್ದ, ಅವಳ ಜೊತೆ ಉಳಿಯುವವರಿರಲಿಲ್ಲ. ಆ ಕೂಸು ಆಗಾಗ ಉಸಿರು ಮರೆಯುತ್ತಿತ್ತು. ದಿನ ತುಂಬದ ಕೂಸುಗಳಿಗೆ ಹಾಗಾಗುತ್ತದೆ, ನೆನಪು ಮಾಡಿಕೊಡಬೇಕು ಎಂದಿದ್ದರು ಸಿಸ್ಟರು. ಅವರು ಪೆಟ್ಟಿಗೆಯೊಳಗೆ ಕೈ ಹಾಕಿ ಅದರ ಅಂಗಾಲಿಗೆ ತೋರುಬೆರಳಿನಿಂದ ಟಪ್ಪೆಂದು ಚಿಮ್ಮುತ್ತಿದ್ದರು. ಕೂಸು ಸಿಟ್ಟಿನಿಂದ ಮುಖ ಕಿವುಚಿ ಉಸಿರೆಳೆಯುತ್ತಿತ್ತು. ತಾಯಿ ಗಾಜಿನ ಹೊರಗಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಹೊಡೆಯುತ್ತಿದ್ದಾರೆ ಎಂದುಕೊಂಡಿದ್ದಳೋ ಏನೋ, ನಾನು ಕೇಳಲಿಲ್ಲ. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ.

ನಾಲ್ಕನೆಯ ದಿನ ಅವಳ ಫಾರ್ಮು ತುಂಬಿದೆ. ಹದಿನೇಳನೆಯ ಪ್ರಶ್ನೆ ಓದಿದಾಗ ಅವಳು ನನ್ನ ಮುಖ ನೋಡದೆ ಪೆನ್ನು ನೋಡಿದಳು.

"ಅದನ್ನ ಹಾಳಿ ಮ್ಯಾಲೆ ಬರದೀರೇನ್ರಿ ಅಕ್ಕಾರ?"

"ನಾ ಬರದದ್ದಲ್ಲವ್ವಾ. ಅಚ್ಚ ಆಗೇ ಬಂದದ. ಎಲ್ಲಾರಿಗೂ ಇದನ್ನ ಕೇಳ್ತೀವಿ."

"ಎಲ್ಲಾರ ಕೂಸಿಂದೂ ಬರದೈತಿ?"

"ಹೂಂ."

"ಸೊನ್ನಿ ಹಾಕ್ರಿ," ಎಂದಳು. "ಎಲ್ಲಾದಕ್ಕೂ ಸೊನ್ನಿ ಹಾಕಿಬಿಡ್ರಿ."

ಉಳಿದ ಪ್ರಶ್ನೆಗಳನ್ನು ನಾನು ಓದಲೇ ಇಲ್ಲ. ಸಮಯ ಉಳಿಯಿತು ಎಂದುಕೊಂಡೆ.

ಮರುದಿನ ಹನ್ನೆರಡರ ಹೊತ್ತಿಗೆ ಕರೆಂಟು ಹೋಯಿತು. ಸಿಸ್ಟರು ಮತ್ತು ಆಯಾ ಬಾಟಲಿಗಳಿಗೆ ಬಿಸಿನೀರು ತುಂಬಿಕೊಳ್ಳಲು ಅಡುಗೆಮನೆಗೆ ಓಡಿದರು. ನಾನು ಗೇಟಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಅವಳು ಬಂದಳು. ಸೆರಗು ಎದೆಯ ಮೇಲೆ ಎಳೆದುಕೊಂಡಿದ್ದಳು, ಒಂದು ಕೈ ಸೆರಗಿನೊಳಗೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು.

"ಎಲ್ಲಿಗವ್ವಾ?"

"ಅರಬಿ ಒಗಿಯಾಕ್ರಿ."

ನಾನು ನಕ್ಕೆ. ಅವಳಿಗೆ ದಾರಿ ಬಿಡಲು ಒಂದು ಹೆಜ್ಜೆ ಹಿಂದೆಯೂ ಸರಿದೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ನೀರಿನ ತೊಟ್ಟಿ ಹಿತ್ತಲಲ್ಲಿದೆ, ಅವಳು ಹೋಗುತ್ತಿರುವುದು ರಸ್ತೆಯ ಕಡೆಗೆ ಎಂಬುದು ನನಗೆ ಕಂಡಿತ್ತು. ನಡಿಗೆ ಹಡೆದ ಐದನೆಯ ದಿನದ ಹೆಂಗಸಿನ ನಡಿಗೆಯಲ್ಲ ಎಂಬುದೂ ಕಂಡಿತ್ತು. ಆದರೆ ನನ್ನ ತಲೆಯಲ್ಲಿ ಅವಳು ಮೂವತ್ತಕ್ಕೆ ಮೂವತ್ತು ಸೊನ್ನೆ. ನೆಮ್ಮದಿಯ ತಾಯಿ. ಆ ಒಂದು ಹೆಜ್ಜೆ ನಾನು ಹಿಂದೆ ಸರಿದದ್ದು ನನಗೆ ಸಾವಿರ ಸಲ ಮತ್ತೆ ಕಂಡಿದೆ. ಕೆಲವು ಸಲ ಹಿಂದೆ ಸರಿಯದೆ ಅವಳ ರಟ್ಟೆ ಹಿಡಿಯುತ್ತೇನೆ. ಆಮೇಲೆ ಎಚ್ಚರವಾಗುತ್ತದೆ.

ಒಳಗಿನಿಂದ ಸಿಸ್ಟರು ಕಿರುಚಿದ್ದು ಕೇಳಿಸಿತು. ಮೂರನೆಯ ಪೆಟ್ಟಿಗೆ ಖಾಲಿ.

ಬಸ್ ನಿಲ್ದಾಣದವರೆಗೆ ನಾನು ಓಡಿದೆ. ಅವಳ ಊರಿನ ಕಡೆಗೆ ಹೋಗುವ ಹಿರೇಕೆರೂರಿನ ಬಸ್ಸು ಆಗಲೇ ಹೊರಟಿತ್ತು, ಸಂತೆಯ ದಿನವಾದ್ದರಿಂದ ಬಾಗಿಲವರೆಗೆ ಜನ. ಬಸ್ಸಿನ ಹಿಂದಿನ ತಗಡು ಬಡಿದೆ. ಯಾರೋ ಕೈ ಕೊಟ್ಟು ಮೇಲೆಳೆದುಕೊಂಡರು. ಅವಳು ಎಡಗಡೆ ಕಿಟಕಿಯ ಪಕ್ಕ ಕೂತಿದ್ದಳು. ಕಿಟಕಿಯಿಂದ ಗಾಳಿ ರಪರಪ ಹೊಡೆಯುತ್ತಿತ್ತು. ಸೆರಗು ಸರಿಸಿದೆ. ಹಳೆಯ ಸೀರೆಯ ತುಂಡಿನಲ್ಲಿ ಕೂಸು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಎದೆ ಏಳುತ್ತಿರಲಿಲ್ಲ.

ಅಂಗಾಲಿಗೆ ಬೆರಳು ಚಿಮ್ಮಿದೆ. ಏನೂ ಇಲ್ಲ. ನಾನು ಎಣಿಸುತ್ತಿದ್ದೆ. ಯಾಕೆ ಎಣಿಸುತ್ತಿದ್ದೆನೋ ಗೊತ್ತಿಲ್ಲ, ಕಲಿತದ್ದು ಅದೊಂದೇ ಇರಬೇಕು. ಎಂಟು, ಒಂಬತ್ತು. ಮತ್ತೆ ಚಿಮ್ಮಿದೆ, ಜೋರಾಗಿ. ಹದಿನಾಲ್ಕಕ್ಕೆ ಕೂಸು ಮುಖ ಕಿವುಚಿತು. ಬಾಯಿ ತೆರೆಯಿತು. ಬೆಕ್ಕಿನ ಮರಿಯದಕ್ಕಿಂತ ಸಣ್ಣ ದನಿ.

"ಬಸ್ ತಿರುವ್ರಿ!" ಎಂದು ಕೂಗಿದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಾಗೆ ಕೂಗುವುದಿಲ್ಲ. ಆ ದನಿ ನನ್ನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಕಂಡಕ್ಟರು ಜನರ ನಡುವೆ ನುಸುಳಿ ಬಂದ. "ತಿರುವಾಕ ಇದೇನ ಚಕ್ಕಡಿ ಏನ್ರಿ ಬಾಯಾರ? ಸಂತಿ ಮಂದಿ ಐತಿ. ಮೊದಲ ತಿಕೀಟ ತಗೋರಿ."

"ಕೂಸು ಸಾಯ್ತದ. ತಿರುವ್ರಿ."

"ಡಿಪೋದಾಗ ಯಾರ ಜವಾಬ ಕೊಡಬೇಕು?"

ಮುಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿ ಎದ್ದು ನಿಂತಳು. "ಯಾಕಲೇ, ನಿಮ್ಮವ್ವ ನಿನ್ನ ಹಡದಿಲ್ಲೇನು? ಸಂತಿ ಎಲ್ಲಿಗೂ ಓಡಿ ಹೋಗಂಗಿಲ್ಲ. ತಿರುವಂತ ಹೇಳ ಅವಗ."

"ಹಡದಾಳಬೇ. ಬಸ್ಸಿನಾಗ ಹಡದಿಲ್ಲ."

ಯಾರೋ ನಕ್ಕರು. ಡ್ರೈವರು ಮಾತ್ರ ನಗಲೂ ಇಲ್ಲ, ಯಾರನ್ನೂ ಕೇಳಲೂ ಇಲ್ಲ. ರಸ್ತೆಯ ಬದಿಯ ಹೊಲಕ್ಕೆ ಎರಡು ಗಾಲಿ ಇಳಿಸಿ ಬಸ್ಸನ್ನು ತಿರುಗಿಸಿಬಿಟ್ಟ. ಸಂತೆಯ ಬುಟ್ಟಿಗಳೆಲ್ಲ ಒಂದು ಕಡೆಗೆ ಉರುಳಿದವು.

ಮುದುಕಿ ನಮ್ಮ ಹತ್ತಿರ ಬಂದು ಕೂಸಿನ ಸುತ್ತಲಿನ ಬಟ್ಟೆ ನೋಡಿ ಸಿಡುಕಿದಳು. "ಇದ್ಯಾಕ ಸುತ್ತೀರಿ? ಅರಬ್ಯಾಗ ಕಾವು ಎಲ್ಲಿಂದ ಬರಬೇಕು? ಕುಪ್ಪಸ ಬಿಚ್ಚಬೇ ತಂಗಿ, ಎದಿಗೆ ಹಚ್ಚಿಕೋ." ಇಬ್ಬರು ಹೆಂಗಸರು ಸೆರಗು ಮರೆ ಹಿಡಿದರು. ಅವಳು ಕೂಸನ್ನು ಬರಿಮೈಗೆ ಅಪ್ಪಿಕೊಂಡಳು. ಹುಟ್ಟಿದ ಐದು ದಿನದಲ್ಲಿ ಅವಳು ಅದನ್ನು ಹೀಗೆ ಎತ್ತಿಕೊಂಡದ್ದು ಅದೇ ಮೊದಲು. ಅದರ ಒಂದು ಅಂಗಾಲು ನನ್ನ ಬೆರಳುಗಳ ನಡುವೆಯೇ ಇತ್ತು. ದಾರಿಯಲ್ಲಿ ಇನ್ನೆರಡು ಸಲ ಉಸಿರು ಮರೆಯಿತು, ಎರಡು ಸಲವೂ ಚಿಮ್ಮಿದೆ.

"ಯಾಕ ಹಿಂಗ ಮಾಡಿದಿ?" ಎಂದು ಕೇಳಿದೆ. ಕೇಳಿದ್ದಲ್ಲ, ಬಯ್ದದ್ದು.

ಅವಳೂ ಬಯ್ಯುವ ದನಿಯಲ್ಲೇ ಹೇಳಿದಳು. "ಇವತ್ತ ಐದನೇ ದಿನ ಐತ್ರಿ. ಸಟವಿ ಬರ್ತಾಳ, ಹಣೇಬರಹ ಬರೀತಾಳ. ಮನ್ಯಾಗ ಆಗಿದ್ರ ಖಾಲಿ ಹಾಳಿ ಇಡತಿದ್ವಿ. ಇಲ್ಲಿ ನೀವು ಕೂಸಿನ ಮುಂದ ಸಾಯೂ ಮಾತು ಬರದಿಟ್ಟೀರಿ. ಅಕಿ ಬಂದು ಅದನ್ನ ಓದಿ ಹಂಗ ಬರದುಬಿಟ್ರ? ನಾ ಏನ್ ಮಾಡಲಿ ಅಕ್ಕಾರ? ನೀವ ಹೇಳ್ರಿ, ನಾ ಏನ್ ಮಾಡಲಿ?"

ಮುದುಕಿ ತಲೆಯಾಡಿಸಿದಳು. ಮರೆ ಹಿಡಿದ ಇಬ್ಬರೂ ತಲೆಯಾಡಿಸಿದರು. ಆ ಬಸ್ಸಿನಲ್ಲಿ ಇದು ಗೊತ್ತಿಲ್ಲದವಳು ನಾನೊಬ್ಬಳೇ ಎಂಬಂತೆ ನನ್ನನ್ನು ನೋಡಿದರು.

ಆಸ್ಪತ್ರೆಗೆ ಕರೆಂಟು ಇನ್ನೂ ಬಂದಿರಲಿಲ್ಲ. ಸಿಸ್ಟರು ಕೂಸಿನ ಕಂಕುಳಲ್ಲಿ ಥರ್ಮಾಮೀಟರು ಇಟ್ಟರು. ಪಾದರಸ ಮೊದಲ ಗೆರೆಗೂ ಏರಲಿಲ್ಲ. ಪೆಟ್ಟಿಗೆಯೊಳಗೆ ಬಾಟಲಿ ಇಟ್ಟಿದ್ದರೂ ಅದು ಇನ್ನೂ ಬೆಚ್ಚಗಾಗಿರಲಿಲ್ಲ. ಡಾಕ್ಟರರು ಬಾಗಿಲಲ್ಲಿ ನಿಂತು ಆಯಾಗೆ ಹೇಳುತ್ತಿದ್ದರು: ಕೂಸನ್ನು ಒಳಗೆ ಕೊಡು, ಇವಳನ್ನು ಗೇಟಿನ ಹೊರಗೆ ಹಾಕು, ಇನ್ನು ಗಾಜಿನ ಹತ್ತಿರವೂ ಬಿಡಬೇಡ.

"ಹೊರಗ ಹಾಕೋದಾದ್ರ ನನ್ನನ್ನ ಹಾಕ್ರಿ," ಎಂದೆ. "ಅಕಿ ಓಡಿದ್ದು ನನ್ನ ಹಾಳಿಗೆ ಅಂಜಿ."

"ನೀವು ಸುಮ್ಮನಿರ್ರಿ. ಇದು ವೈದ್ಯಕೀಯ ವಿಷಯ."

"ಹಂಗಾದ್ರ ವೈದ್ಯಕೀಯನ ಹೇಳ್ರಿ. ಈಗ ಈ ಖೋಲಿಯೊಳಗ ಎಲ್ಲಕ್ಕಿಂತ ಬೆಚ್ಚಗಿದ್ದ ಜಾಗಾ ಯಾವುದದ? ತಣ್ಣಗಿನ ಪೆಟಿಗಿಯೊಳಗ ಕೂಸು ಇಡ್ರಿ ಅಂತ ನೀವ ಬರದು ಸಹಿ ಮಾಡಿ ಕೊಡ್ರಿ, ನಾ ಸುಮ್ಮನಾಗ್ತೀನಿ."

ಅಷ್ಟರಲ್ಲಿ ಸಿಸ್ಟರು ಯಾರ ಅಪ್ಪಣೆಗೂ ಕಾಯದೆ ಅವಳ ಕೈಯನ್ನು ಮೊಣಕೈವರೆಗೆ ತೊಳೆಸಿ, ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂಡಿಸಿ, ಎದೆಯ ಮೇಲೆ ಕೂಸನ್ನಿಟ್ಟು ಕಂಬಳಿ ಹೊದಿಸಿಬಿಟ್ಟಿದ್ದರು. ಆಮೇಲೆ ಪೆಟ್ಟಿಗೆಗೆ ಕಟ್ಟಿದ ತಾಪಮಾನದ ಹಾಳೆಯನ್ನು ಬಿಚ್ಚಿ ಹೊರಗಿನ ಮೊಳೆಗೆ ಹಾಕಿದರು. ಉಳಿದ ಪೆಟ್ಟಿಗೆಗಳ ಹಾಳೆಗಳನ್ನೂ ತಂದು ಹಾಕಿದರು. "ಹೊರಗಿದ್ರೂ ಓದಾಕ ಬರ್ತೈತಿ," ಎಂದರು, ಯಾರಿಗೋ ಏನೋ.

ಒಂದು ತಾಸಿನ ನಂತರ ಪಾದರಸ ತೊಂಬತ್ತಾರಕ್ಕೆ ಬಂತು. ಡಾಕ್ಟರರು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ತಾವೇ ಓದಿದರು. ಝಾಡಿಸಿ ಮತ್ತೊಮ್ಮೆ ಇಟ್ಟು ಓದಿದರು. ಅದನ್ನು ಸಿಸ್ಟರ ಕೈಗೆ ಕೊಟ್ಟು, ಅವಳನ್ನು ಒಳಗೇ ಬಿಟ್ಟು ಹೋದರು.

ಸಂಜೆ ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. "ಯಾಕ, ಮಾರಿ ಹಿಂಗಾಗೇದ? ಏನಾತು?" ಎಂದಳು.

"ಏನೂ ಇಲ್ಲವ್ವಾ. ಆರಾಮ ಇದ್ದೀನಿ."

ಹೇಳಿದ ಮೇಲೆ ನನ್ನದೇ ಸೊನ್ನೆ ನನಗೆ ಕೇಳಿಸಿತು. ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಣ್ಣನ ಮಗನ ಐದನೇ ದಿವ್ಸ ಮಣಿ ಮ್ಯಾಲೆ ಖಾಲಿ ಹಾಳಿ, ಪೆನ್ನು ಯಾರಿಟ್ಟಿದ್ರು?" ಎಂದು ಕೇಳಿದಳು.

ನಾನೇ ಇಟ್ಟಿದ್ದೆ. ಎಂ.ಎ. ಮೊದಲ ವರ್ಷದ ರಜೆಯಲ್ಲಿ. ಹಾಳೆ ಸ್ವಚ್ಛ ಇರಲಿ, ಒಂದು ಗೆರೆಯೂ ಬೇಡ ಎಂದು ಅಪ್ಪ ಹೇಳಿದ್ದಕ್ಕೆ ನನ್ನ ನೋಟುಬುಕ್ಕಿನ ಗೆರೆಯಿಲ್ಲದ ಹಾಳೆ ಹರಿದು ಕೊಟ್ಟಿದ್ದೆ. ಮನೆಯಲ್ಲಿ ಮಾಡಿದ್ದನ್ನು ಮನೆಯಲ್ಲೇ ಬಿಟ್ಟು, ಫಾರ್ಮು ಹಿಡಿದು ಬಸ್ಸು ಹತ್ತಿದ್ದೆ.

ಮರುದಿನದಿಂದ ಕೆಲಸದ ರೀತಿ ಬದಲಿಸಿದೆ. ಪ್ರೊಫೆಸರರನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಫಾರ್ಮುಗಳನ್ನು ಬಟ್ಟೆ ಮಡಿಸಿಡುವ ಕೋಣೆಯಲ್ಲಿ ಬೀಗ ಹಾಕಿಟ್ಟೆ. ಬರಿಗೈಯಲ್ಲಿ ಹೋಗಿ ಗಾಜಿನಿಂದ ದೂರ, ಹಿತ್ತಲಿನ ಬೇವಿನ ಬುಡದಲ್ಲಿ ಅವರ ಜೊತೆ ಕೂತೆ. ಯಾರಿಗೂ ಅವರ ಕೂಸಿನ ಬಗ್ಗೆ ಕೇಳಲಿಲ್ಲ. ಪಕ್ಕದವರ ಬಗ್ಗೆ ಕೇಳಿದೆ.

ಮಾತು ಹಳ್ಳದ ಹಾಗೆ ಬಂತು.

"ಅಕಿನ್ನ ಏನ್ ಕೇಳ್ತೀರಿ ಅಕ್ಕಾರ, ರೊಟ್ಟಿ ಮುರದ ಮುರೀತಾಳ, ಬಾಯಾಗ ಇಡಂಗಿಲ್ಲ," ಎಂದಳು ಹಾನಗಲ್ಲಿನವಳು, ಬಲ್ಬಿನ ಬೆಳಕು ಚಲೋ ಇದೆ ಎಂದಿದ್ದವಳು. ಅವಳ ಬಗ್ಗೆ ಪಕ್ಕದವಳನ್ನು ಕೇಳಿದೆ. "ಅಕಿನಾ? ಕಣ್ಣ ಮುಚ್ಚಿದ್ರ ಬಲ್ಬು ಆರಿದಂಗ ಆಕ್ಕೈತಂತ. ಎದ್ದೆದ್ದು ಗಾಜಿಗೆ ಮಾರಿ ಹಚ್ಚಿ ನಿಲ್ಲತಾಳ." ಶಿಗ್ಗಾಂವಿಯ ತಂದೆಯ ಬಗ್ಗೆ ಹುಲಗೂರಿನ ತಂದೆ ಹೇಳಿದ. "ಟವೆಲ್ಲ ಝಾಡಿಸಿ ಹೋದನಲ್ರಿ, ಹೋಗಿ ಹಿತ್ತಲ ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದ. ನಾ ಕರಕೊಂಡ ಬಂದೆ."

ಅರ್ಧ ತಾಸು ಕೂತು, ಎದ್ದು ಬಟ್ಟೆಯ ಕೋಣೆಗೆ ಹೋಗಿ ನೆನಪು ಆರುವ ಮೊದಲು ಬರೆದಿಡುತ್ತಿದ್ದೆ. ಪ್ರಶ್ನೆಗಳು ಅವೇ ಮೂವತ್ತು. ಸೊನ್ನೆ ಒಂದೂ ಬರಲಿಲ್ಲ.

ಹುಲಗೂರಿನ ಆ ತಂದೆಯ ಕೂಸು ಉಳಿಯಲಿಲ್ಲ. ಕೊನೆಯ ಹೊತ್ತಿನಲ್ಲಿ ಸಿಸ್ಟರು ತಾಯಿಯನ್ನು ಒಳಗೆ ಕರೆದಿದ್ದರು. ಕೂಸು ಪೆಟ್ಟಿಗೆಯಲ್ಲಿ ಸಾಯಲಿಲ್ಲ, ಅವಳ ಕೈಯಲ್ಲಿತ್ತು. ಇದನ್ನು ಯಾವ ಅಂಕಿಯಲ್ಲಿ ಬರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹತ್ತು ದಿನದ ಮೇಲೆ ಪ್ರೊಫೆಸರರು ಬಂದರು. ಡಾಕ್ಟರರ ಕೋಣೆಯಲ್ಲಿ ನಾವು ಮೂವರೇ. ಮೊದಲಿನ ಫಾರ್ಮುಗಳ ಕಟ್ಟನ್ನು ಮೇಜಿನ ಮೇಲಿಟ್ಟೆ. ಪ್ರತಿಯೊಂದರ ಮೇಲೂ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, 'ರದ್ದು. ಕೇಳಿದ ರೀತಿ ತಪ್ಪು' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದ್ದೆ.

ಅವರು ನಾಲ್ಕೈದು ಹಾಳೆ ತಿರುವಿದರು. "ಇದನ್ನು ಮಾಡಲು ನಿಮಗೆ ಯಾರು ಅಧಿಕಾರ ಕೊಟ್ಟರು?"

"ಸೊನ್ನೆ ಹಾಕಿದ್ದು ನನ್ನ ಕೈ, ಸರ್. ಹೊಡೆದು ಹಾಕಿದ್ದೂ ಅದ ಕೈ."

"ಒಬ್ಬ ಹೆಂಗಸು ಮೂಢನಂಬಿಕೆಯಿಂದ ಓಡಿಹೋದಳು ಅಂತ ಇಡೀ ಅಧ್ಯಯನ ಕೈಬಿಡಬೇಕೋ? ನಾವು ವಿಜ್ಞಾನದವರು."

"ಸಟವಿ ಇದ್ದಾಳೋ ಇಲ್ಲೋ ನನಗ ಗೊತ್ತಿಲ್ಲ, ಸರ್. ಅಕಿ ಬರ್ತಾಳ ಅಂತ ನಂಬಿದ ತಾಯಿ ಮುಂದ ಸಾವಿನ ಮಾತು ಬರದ ಹಾಳಿ ಹಿಡಕೊಂಡು ನಾ ನಿಂತಿದ್ದೆ. ಅದು ಗೊತ್ತದ. ಅಕೀಗೆ ತ್ರಾಸ ಕೊಟ್ಟವಳು ನಾನು. ಕೊಟ್ಟು, ತ್ರಾಸಿಲ್ಲ ಅಂತ ಬರಕೊಂಡೆ. ಇದರ ಮ್ಯಾಲೆ ವರದಿ ಬರದ್ರ ಆ ಬಾಗಲಾ ಮತ್ತ ಮುಚ್ಚತದ. ನಾ ಕೊಡೂದಿಲ್ಲ."

ಬೇವಿನ ಬುಡದಲ್ಲಿ ಕೇಳಿ ತುಂಬಿದ ಹೊಸ ಫಾರ್ಮುಗಳನ್ನು ಮುಂದಿಟ್ಟೆ. "ಪಕ್ಕದವರ ಹರಟೆ ಮಾಪನವಾಗುವುದಿಲ್ಲ," ಎಂದರು.

"ಹಂಗಾದ್ರ ಅದನ್ನೂ ಬಿಡ್ರಿ. ಆದ್ರ ಈ ಸೊನ್ನೆ ಹಾಕಬ್ಯಾಡ್ರಿ."

ಅವರು ಡಾಕ್ಟರರ ಕಡೆ ತಿರುಗಿದರು. "ನೀವಾದರೂ ಹೇಳಿ. ಇವರ ಮೊದಲಿನ ಪಟ್ಟಿ ನೀವು ನೋಡಿದ್ದಿರಲ್ಲ."

ಡಾಕ್ಟರರು ಕಾಗದಗಳ ಮೇಲೆ ಭಾರಕ್ಕಿಡುವ ಗಾಜಿನ ಗುಂಡನ್ನು ಅತ್ತಿಂದಿತ್ತ ಸರಿಸಿದರು. "ಪಟ್ಟಿ ನೋಡಿದ್ದೆ. ಆಮ್ಯಾಲೆ ಥರ್ಮಾಮೀಟರ್ ನೋಡಿದೆ," ಎಂದರು. "ಬಾಗಲಾ ತೆರೆದ ಇರ್ತದ. ಕೈ ತೊಳಕೊಂಡು, ಒಬ್ಬೊಬ್ಬರ ಹಂಗ. ಹಿರಿಯರಿಗೆ ನಾ ಹೇಳ್ತೀನಿ."

ನನ್ನ ಕೆಲಸ ಅಂದಿಗೇ ಮುಗಿಯಿತು ಎಂದು ಪ್ರೊಫೆಸರರು ಹೇಳಿದರು. ಇನ್ನು ಮುಂದೆ ಇಂಥ ಕೆಲಸ ಸಿಗಲಾರದು ಎಂದೂ ಹೇಳಿದರು. ಆ ಮಾತನ್ನು ಅವರು ನಡೆಸಿದರು. ಪಶ್ಚಾತ್ತಾಪ ನನಗೆ ಆ ಗೇಟಿನ ಒಂದು ಹೆಜ್ಜೆಯ ಬಗ್ಗೆ ಇದೆ, ಇದರ ಬಗ್ಗೆ ಇಲ್ಲ.

ಕೆಲಸ ಹೋದ ಮೇಲೂ ನಾನು ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ರಟ್ಟೀಹಳ್ಳಿ ಕಡೆಯವಳು ದಿನಕ್ಕೆ ಎಂಟು ತಾಸು ಕೂಸನ್ನು ಎದೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಉಸಿರು ಮರೆತಾಗ ಅಂಗಾಲಿಗೆ ಚಿಮ್ಮುವುದನ್ನು ಸಿಸ್ಟರು ಅವಳಿಗೇ ಕಲಿಸಿದರು. ದಿನ ಕಳೆದಂತೆ ಚಿಮ್ಮುವ ಅಗತ್ಯ ಕಡಿಮೆಯಾಯಿತು. ನಳಿಕೆ ತೆಗೆದರು. ಕೂಸು ಮೊಲೆ ಚೀಪಿತು. ತೂಕ ಎರಡು ಕಿಲೋಕ್ಕೆ ಬಂದ ದಿನ ಮನೆಗೆ ಕಳಿಸಲು ಡಾಕ್ಟರರು ಒಪ್ಪಿದರು.

ಗಂಡ ಗಂಟು ಕಟ್ಟುತ್ತಿದ್ದ. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ಕರೆದಳು.

"ಅಕ್ಕಾರ, ಆ ಹಾಳಿ ತರ್ರಿ."

"ಯಾವ ಹಾಳಿ?"

"ಮೂವತ್ತ ಪ್ರಶ್ನಿ ಹಾಳಿ. ಪೆನ್ನೂ ತರ್ರಿ."

ಬಟ್ಟೆಯ ಕೋಣೆಯಲ್ಲಿ ಒಂದು ಖಾಲಿ ಫಾರ್ಮು ಉಳಿದಿತ್ತು. ತಂದು, ಅವಳಿಂದ ಸ್ವಲ್ಪ ದೂರ, ಕೂಸಿಗೆ ಬೆನ್ನು ಮಾಡಿ ಕೂತೆ.

"ಈ ಕಡೆ ತಿರಗ್ರಿ. ಸಟವಿ ಬರದು ಹೋಗ್ಯಾಳ, ಇನ್ನ ಯಾರ ಬರದ್ರೂ ಏನೂ ಆಗಂಗಿಲ್ಲ. ಓದ್ರಿ."

ಓದಿದೆ. ಉಸಿರಾಟ. "ನಾಕು." ನಳಿಕೆ. "ನಾಕು." ಬಲ್ಬು. "ಮೂರು ಹಾಕ್ರಿ. ಕರೆಂಟ ಹೋದಾಗ ನಾಕು." ಮಗುವನ್ನು ಎತ್ತಿಕೊಳ್ಳಲಾಗದ್ದು. ಅವಳು ಅಂಕಿ ಹೇಳಲಿಲ್ಲ, ಐದೂ ಬೆರಳು ಬಿಡಿಸಿ ಅಂಗೈಯನ್ನೇ ಎತ್ತಿ ತೋರಿಸಿದಳು. "ಐದಿಲ್ಲೇನ್ರಿ ಇದರಾಗ?" ಇಲ್ಲ ಎಂದೆ. ಹದಿನೇಳಕ್ಕೆ ಬಂದಾಗ ಹಾಳೆಯನ್ನು ಕೂಸಿನಿಂದ ಮರೆಮಾಡಿ ಹಿಡಿದೆ. "ಓದ್ರಿ ಓದ್ರಿ," ಎಂದಳು. ಓದಿದೆ. "ನಾಕು. ಜೋರಾಗಿ ಒತ್ತಿ ಬರೀರಿ." ಗಂಡ ಗಂಟು ಬಿಟ್ಟು ನಮ್ಮಿಬ್ಬರನ್ನೂ ನೋಡುತ್ತ ನಿಂತ.

ಮೂವತ್ತೂ ಮುಗಿದವು. ಪೆನ್ನಿನ ಮುಚ್ಚಳ ಹಾಕಿದೆ.

"ಆತೇನು?" ಎಂದು ಕೇಳಿದಳು. "ಪ್ರಶ್ನಿ ಬಾಯಾರ ಮ್ಯಾಲೆ ಎಷ್ಟ ಸಿಟ್ಟ ಬಂದಿತ್ತು ಅಂತ ಕೇಳಂಗಿಲ್ಲೇನು ಇದರಾಗ?"

"ಇಲ್ಲವ್ವಾ. ಅದಿಲ್ಲ."

"ಬರಕೋರಿ."

ಕೆಳಗೆ ಜಾಗವಿತ್ತು. ಮೂವತ್ತೊಂದು ಎಂದು ಅಂಕಿ ಹಾಕಿ, ಪ್ರಶ್ನೆಯನ್ನು ಅವಳು ಹೇಳಿದ ಹಾಗೆಯೇ ಬರೆದೆ. ಬರೆದು ಅವಳ ಮುಖ ನೋಡಿದೆ.

"ನಾಕು," ಎಂದಳು ಅವಳು, ನಗದೆ.

ನಾಲ್ಕು ಬರೆದೆ.